ಇಳಿಯದ ಕಂಡಕ್ಟರು

ನಮ್ಮ ಮಾವ ಮೂವತ್ತೊಂದು ವರ್ಷ ಒಂದೇ ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೋಟೆ, ಗಡಿಯಾರದ ಗೋಪುರ, ಅರಮನೆ, ಯುದ್ಧ ಸ್ಮಾರಕ, ಊರಿನ ಇತಿಹಾಸವೆಲ್ಲ ಅವರ ಪಾಲಿಗೆ ಸ್ಟಾಪುಗಳು. "ಈ ಊರಲ್ಲಿ ನನಗೆ ಗೊತ್ತಿಲ್ಲದ ಕಲ್ಲು ಯಾವುದಿದೆ" ಎಂದು ಎಂಟು ವರ್ಷದ ನನ್ನ ಮಗಳ ಮುಂದೆ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಅವಳಿಗೋ ತಾತ ಹೇಳಿದ್ದೇ ವೇದವಾಕ್ಯ. "ರಜೆ ಬರಲಿ, ಎಲ್ಲಾ ತೋರಿಸ್ತೀನಿ" ಎಂದು ಮಾತೂ ಕೊಟ್ಟುಬಿಟ್ಟರು.

ಒಂದು ಭಾನುವಾರ ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಸೀಟು ಖಾಲಿಯಿದ್ದರೂ ಮಾವ ಬಾಗಿಲ ಬಳಿ ನಿಂತೇ ಬಂದರು. "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಅತ್ತೆ, ನಾನು, ನನ್ನ ಗಂಡ, ಮಗಳು ನಾಲ್ವರನ್ನೂ ಒಂದೇ ಮೂಲೆಗೆ ಒತ್ತಿದರು.

ಕೋಟೆ ಬಂತು. ಯಾವ ಮೆಟ್ಟಿಲು ಜಾರುತ್ತದೆ, ಯಾವ ಬಾಗಿಲಲ್ಲಿ ಮಧ್ಯಾಹ್ನ ನೆರಳು, ಎಲ್ಲ ವಿವರಿಸಿದರು. ನಾವು ಒಳಗೆ ಕಾಲಿಡುವಷ್ಟರಲ್ಲಿ "ಹತ್ತಿ ಹತ್ತಿ, ರೈಟ್" ಎಂಬ ಕೂಗು. ಎದ್ದೆವೋ ಬಿದ್ದೆವೋ ಎಂದು ಓಡಿಬಂದೆವು. ಗೋಪುರದಲ್ಲೂ ಅರಮನೆಯಲ್ಲೂ ಅದೇ ಗತಿ. ಮಂಡಿನೋವಿನ ಅತ್ತೆ ವ್ಯಾನಿನಿಂದ ಇಳಿಯುವ ಮೊದಲೇ ಎಲ್ಲ ಮುಗಿದಿರುತ್ತಿತ್ತು. ಒಂದು ಗಂಟೆಯೊಳಗೆ ಮೂರು ಐತಿಹಾಸಿಕ ಸ್ಥಳಗಳ ಗೇಟು ನೋಡಿ ಮುಗಿಸಿದೆವು. ನಕ್ಕೂ ನಕ್ಕೂ ನನ್ನ ಗಂಡನಿಗೆ ಬಿಕ್ಕಳಿಕೆ ಹತ್ತಿತು.

ಆಗ ನನಗೆ ಹೊಳೆಯಿತು, ಈ ಮನುಷ್ಯ ಒಂದರೊಳಗೂ ಹೋದವರಲ್ಲ. ಸ್ಟಾಪಿನಲ್ಲಿ ಬಸ್ಸು ನಿಲ್ಲುವುದೇ ಒಂದು ನಿಮಿಷ, ಕಂಡಕ್ಟರಿಗೆ ಇಳಿದು ನೋಡುವ ಯೋಗ ಎಲ್ಲಿಂದ ಬರಬೇಕು? ಮೊಮ್ಮಗಳ ಎದುರು ಇದು ಬಯಲಾದರೆ ಅವರ ಮಾನ ಮೂರು ಕಾಸಿಗೆ ಹರಾಜು.

ಯುದ್ಧ ಸ್ಮಾರಕದ ಬಾಗಿಲಲ್ಲಿ ಮಗಳು ಪಟ್ಟು ಹಿಡಿದಳು. "ತಾತ, ಒಳಗೆ ಏನಿದೆ?"

"ಇರೋದೆಲ್ಲಾ ಇದೆ" ಎಂದು ಮಾವ ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

"ಅಂದ್ರೆ ಏನು?"

"ಕುದುರೆ. ಕಲ್ಲಿನ ಕುದುರೆ."

ಮಗಳು ಒಳಗೋಡಿದಳು, ಹಿಂದೆ ನಾವೂ. ದುಂಡನೆಯ ತಣ್ಣನೆ ಕೋಣೆ, ಗೋಡೆ ತುಂಬ ಹೆಸರು, ನಡುವೆ ಒಂದು ಕಲ್ಲುಬೆಂಚು. ಕುದುರೆಯ ಬಾಲವೂ ಇಲ್ಲ. ಮಗಳು ತಾತನ ಮುಖ ನೋಡಿದಳು, ಮಾವ ನೆಲ ನೋಡಿದರು.

"ಅಲ್ಲಿ ಯಾಕೆ ಹುಡುಕ್ತೀಯ? ಬೆಂಚಿನ ಹಿಂದೆ ಬಗ್ಗಿ ನೋಡು" ಎಂದರು ಅತ್ತೆ, ನಿಧಾನಕ್ಕೆ ಒಳಗೆ ಬರುತ್ತ.

ಬಗ್ಗಿದರೆ, ಬೆಂಚಿನ ಕಲ್ಲಿನಲ್ಲೇ ಕೆತ್ತಿದ ಅಂಗೈಯಗಲದ ಒಂದು ಕುದುರೆ. ಮಾವನ ಬಾಯಿಗೆ ಬಂದ ಸುಳ್ಳು ನಿಜವಾಗಿಬಿಟ್ಟಿತ್ತು. ಅತ್ತೆ ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರ ಹೆಸರು ತೋರಿಸಿದರು. ಎಷ್ಟು ಹೊತ್ತಿಗೆ ಯಾವ ಕಿಟಕಿಯ ಬಿಸಿಲು ಆ ಹೆಸರುಗಳ ಮೇಲೆ ಬೀಳುತ್ತದೆ ಎಂದೂ ಹೇಳಿದರು.

"ನಿನಗೆ ಇದೆಲ್ಲಾ ಹೇಗೆ ಗೊತ್ತು?" ಎಂದರು ಮಾವ.

"ನಿಮ್ಮ ಊಟದ ಡಬ್ಬಿ ತಂದು ಒಂದು ವಾರ ಈ ಸ್ಟಾಪಲ್ಲಿ, ಒಂದು ವಾರ ಅರಮನೆ ಸ್ಟಾಪಲ್ಲಿ ಕಾಯ್ತಿದ್ದೆನಲ್ಲ. ನಿಮ್ಮ ಬಸ್ಸು ಯಾವತ್ತು ಟೈಮಿಗೆ ಬಂದಿತ್ತು? ಬಿಸಿಲಲ್ಲಿ ನಿಂತ್ಕೊಳ್ಳೋಕೆ ನನಗೇನು ಹುಚ್ಚಾ?"

ನನ್ನ ಗಂಡನ ಬಿಕ್ಕಳಿಕೆ ಮತ್ತೆ ಶುರುವಾಯಿತು. ಮಗಳು ಮಾತ್ರ ತಾತನ ಕಡೆಗೇ ತಿರುಗಿದಳು. ಕುದುರೆ ಸಿಕ್ಕಿತ್ತಲ್ಲ, ನಂಬಿಕೆ ದುಪ್ಪಟ್ಟಾಗಿತ್ತು. "ತಾತ, ಅರಮನೆಯೊಳಗೆ ಏನಿದೆ?"

ಅತ್ತೆ ಬೇಕೆಂದೇ ಸುಮ್ಮನಿದ್ದರು. ಮಾವ ಇನ್ನೊಂದು ಕುದುರೆ ಬಿಡಬಹುದಿತ್ತು. ಬಿಡಲೆಂದು ಬಾಯಿಯನ್ನೂ ತೆರೆದರು.

"ನನಗೆ ಗೊತ್ತಿಲ್ಲ ಪುಟ್ಟಾ" ಎಂದರು ಕೊನೆಗೆ. "ಒಂದು ಸಲಾನೂ ನಾನು ಇಳಿದಿಲ್ಲ. ನಿಮ್ಮಜ್ಜಿ ನನ್ನನ್ನೂ ಕರ್ಕೊಂಡು ಹೋಗ್ತಾಳಾ ಕೇಳು."