ಹಗ್ಗ ಹುಡುಕುವ ಹುಲಗಪ್ಪ

ಭಾಗ್ಯನಗರದ ಮಿರ್ಚಿ ಅಂಗಡಿಯ ಮುಂದೆ ಸೂಪರ್‌ಹೀರೋ ಸಿನಿಮಾದ ಮಾತು ಬಂತೆಂದರೆ ಹುಲಗಪ್ಪನ ಕಣ್ಣು ಕಿರಿದಾಗುತ್ತದೆ. ಪರದೆಯ ಮೇಲಿನ ಯಾವುದನ್ನೂ ಅವನು ನಂಬುವುದಿಲ್ಲ, ಆದರೆ ಒಂದು ಸಿನಿಮಾವನ್ನೂ ಬಿಡುವುದಿಲ್ಲ. “ಈಗಿನ ಸಿನಿಮಾ ಎಲ್ಲಾ ಬೂದಿ ಬಣ್ಣ, ಮೊದಲಿನಂಗ ಕೆಂಪು-ನೀಲಿ ಇರಬೇಕು” ಎಂದು ಗೆಳೆಯ ಮಲ್ಲೇಶ ವಾದಿಸಿದರೆ, “ಕತ್ತಲಿ ಯಾಕ ಮಾಡ್ಯಾರ ಹೇಳು? ಮುಚ್ಚಾಕ ಏನೋ ಐತಿ” ಎನ್ನುತ್ತಾನೆ. “ಇನ್ನ ಮುಂದ ನಟರೇ ಬ್ಯಾಡ, ಎಲ್ಲಾ ಕಂಪ್ಯೂಟರ್ ಮಾಡತೈತಿ” ಎಂದು ಶಾಂತಕುಮಾರ ಭವಿಷ್ಯ ಹೇಳಿದರೆ, “ಹಂಗಾರ ಬಿದ್ರ ಪೆಟ್ಟು ಯಾರಿಗೆ ಹತ್ತತೈತಿ?” ಎಂದು ಕೇಳಿ, ಮಿರ್ಚಿಯನ್ನೂ ಮುರಿದು ಒಳಗೆ ನೋಡಿಯೇ ತಿನ್ನುತ್ತಾನೆ. ಇಟಗಿ ಗುಡಿಯ ಮುಂದೆ ತಾನೇ ನಿಂತು ತೆಗೆಸಿಕೊಂಡ ಫೋಟೋದ ಆಕಾಶದ ಮೇಲೂ ಅವನಿಗೆ ಗುಮಾನಿ. ಹೀರೋ ಹಾರಿದಾಗ ಎಲ್ಲರೂ ಮುಖ ನೋಡಿದರೆ ಇವನು ಸೊಂಟ ನೋಡುತ್ತಾನೆ. ಮೊಬೈಲಿನಲ್ಲಿ ಅಲ್ಲಿಗೇ ನಿಲ್ಲಿಸಿ, ಹಿಗ್ಗಿಸಿ, “ಹಗ್ಗ ಇತ್ತು, ಅಳಿಸ್ಯಾರ” ಎಂದು ತೀರ್ಪು ಕೊಡುತ್ತಾನೆ. “ಆ ಹಗ್ಗದ ಚಿಂತಿ ನಿನಗ್ಯಾಕಪಾ?” ಎಂದು ಒಮ್ಮೆ ನಾನೇ ಕೇಳಿದೆ. ಊರೂರಿನ ನೀರಿನ ಟ್ಯಾಂಕಿಗೆ ಬಣ್ಣ ಬಳಿಯುವುದು ಅವನ ಕೆಲಸ. ಬಣ್ಣ ಮೆತ್ತಿದ ಬೆರಳಿನಿಂದ ಒಂದು ಫೋಟೋ ತೆರೆದು ತೋರಿಸಿದ: ಎತ್ತರದ ಟ್ಯಾಂಕಿನ ಕೆಳಗೆ, ಸೊಂಟಕ್ಕೆ ಹೊಸ ಹಗ್ಗ ಕಟ್ಟಿಕೊಂಡು ನಗುತ್ತಿರುವ ಹುಲಗಪ್ಪ. “ಅವರು ಹಗ್ಗ ಕಟ್ಟಿ ಹಾರಸ್ತಾರ, ಆಮ್ಯಾಲ ಅಳಸ್ತಾರ. ನಮ್ಮ ಗುತ್ತೇದಾರ ಫೋಟೋ ತೆಗಿಯೂತನಕ ಹಗ್ಗ ಕಟ್ತಾನ, ಆಮ್ಯಾಲ ಬಿಚ್ಚಿ ಟ್ಯಾಂಕಿ ಹತ್ತಸ್ತಾನ್ರಿ.”