ನಾಲ್ಕು ಸಲ ವಾಪಸು ಬಂದ ತಂಬೂರಿ

ಕೊಡಿಗೇನಹಳ್ಳಿಯ ಬಸ್ ನಿಲ್ದಾಣದಿಂದ ಹಿಂದೂಪುರದ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಎಡಕ್ಕೆ ಕದಿರಯ್ಯನ ಅಂಗಡಿ. ಅದರ ಮೇಲೆ ಹಳದಿ ಫ್ಲೆಕ್ಸಿನಲ್ಲಿ ‘ಕದಿರಯ್ಯ ತಂದೂರಿ ವರ್ಕ್ಸ್’ ಎಂದು ಕೆಂಪಕ್ಷರದಲ್ಲಿ ಅಚ್ಚಾಗಿದೆ. ತಂಬೂರಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಮಧುಗಿರಿಯ ಫ್ಲೆಕ್ಸ್ ಅಂಗಡಿಯವನು ತಾನೇ ತಿದ್ದಿ ತಂದೂರಿ ಮಾಡಿಬಿಟ್ಟಿದ್ದ. ಕೇಳಿದರೆ, ತಂಬೂರಿ ಅನ್ನುವ ಅಂಗಡಿ ಎಲ್ಲಾದರೂ ಇರುತ್ತದಾ ಸಾರ್ ಎಂದು ಇವನನ್ನೇ ಕೇಳಿದ. ಆವತ್ತಿನಿಂದ ವಾರಕ್ಕೆ ಇಬ್ಬರಾದರೂ ಬೈಕು ನಿಲ್ಲಿಸಿ ರೊಟ್ಟಿ ಇದೆಯಾ ಎಂದು ವಿಚಾರಿಸುತ್ತಾರೆ. ಕದಿರಯ್ಯ ಕೈಯಲ್ಲಿದ್ದ ಉಳಿ ಕೆಳಗಿಡದೆಯೇ ಇಲ್ಲ ಎನ್ನುತ್ತಾನೆ. ಉಳಿ ನೋಡಿದವರು ಎರಡನೇ ಸಲ ಕೇಳುವುದಿಲ್ಲ.

ಅವನ ಸಿಟ್ಟು ಆ ಸೀಮೆಗೆಲ್ಲ ಗೊತ್ತು. ಹಾಗಂತ ಅದು ಸುಮ್ಮನೆ ಬಂದ ಸಿಟ್ಟಲ್ಲ. ಪಾವಗಡದಿಂದ ಕೊರಟಗೆರೆಯವರೆಗೆ ತತ್ವಪದ ಹಾಡುವ ಯಾವ ಮೇಳದ ತಂಬೂರಿ ಕೆಟ್ಟರೂ ಇವನ ಹತ್ತಿರವೇ ಬರಬೇಕು, ಬರುವ ಸ್ಥಿತಿ ನೋಡಿದರೆ ಎಂಥವನಿಗಾದರೂ ಮೈ ಉರಿಯುತ್ತದೆ. ಒಬ್ಬರು ಒಲೆಯ ಮೇಲಿನ ಗೂಟಕ್ಕೆ ನೇತುಹಾಕಿ ಹಲಗೆ ಸೀಳಿಸಿಕೊಂಡು ಬರುತ್ತಾರೆ. ಇನ್ನೊಬ್ಬರು ತಂತಿ ಬಿಗಿಯುವ ಬಿರಡೆ ಮುರಿದ ಜಾಗಕ್ಕೆ ಸೈಕಲ್ಲಿನ ನಟ್ಟು ಬಿಗಿದುಕೊಂಡು ಬರುತ್ತಾರೆ. ತಂತಿ ಕೂರುವ ಕುದುರೆಯ ಮೇಲೆ, ಒಂದೊಂದು ತಂತಿಯ ಕೆಳಗೂ ಒಂದೊಂದು ನೂಲಿನ ಎಳೆ ಇರುತ್ತದೆ. ನಾದ ಝೇಂಕರಿಸುವುದು ಅದರಿಂದಲೇ, ಅದಕ್ಕೇ ಅದನ್ನು ಜೀವಾಳ ಎನ್ನುವುದು. ಹಬ್ಬಕ್ಕೆ ಮನೆ ಗುಡಿಸುವವರು ಆ ಎಳೆಯನ್ನು ಕಸವೆಂದು ಕಿತ್ತೆಸೆದು, ತಂಬೂರಿಗೆ ಮಾತು ಬಿದ್ದುಹೋಗಿದೆ, ಯಾವ ಸೀಮೆ ಮರ ಹಾಕಿದೆಯೋ ಎಂದು ಇವನ ಮೇಲೇ ಬರುತ್ತಾರೆ.

ಕದಿರಯ್ಯ ಕೆಲಸ ಕಲಿತದ್ದು ಸಿರಾದಲ್ಲಿ, ವಾದ್ಯ ರಿಪೇರಿ ಮಾಡುವ ಒಬ್ಬ ಮುದುಕನ ಬಳಿ. ಎಲ್ಲರೂ ಆತನನ್ನು ಉಸ್ತಾದ್ ಎನ್ನುತ್ತಿದ್ದರು. ಒಂಬತ್ತು ವರ್ಷದಲ್ಲಿ ಉಸ್ತಾದ್ ಬಾಯಿಬಿಟ್ಟು ಹೇಳಿಕೊಟ್ಟದ್ದು ಕಡಿಮೆ, ಬೈದದ್ದೇ ಹೆಚ್ಚು. ಒಂದು ಮಾತು ಮಾತ್ರ ಪದೇ ಪದೇ ಹೇಳುತ್ತಿದ್ದ: ಪೈಲೆ ಗಲಾ ಸುನ್, ಬಾದ್ ಮೆ ಲಕಡಿ ಕಾಟ್. ಮೊದಲು ಹಾಡುವವರ ಗಂಟಲು ಕೇಳು, ಆಮೇಲೆ ಮರ ಕೊಯ್ಯಿ. ಮೂವತ್ತನಾಲ್ಕು ವರ್ಷದಲ್ಲಿ ಕದಿರಯ್ಯ ಒಂದು ಸಲವೂ ಅದನ್ನು ಮೀರಿರಲಿಲ್ಲ. ತಂಬೂರಿ ಬೇಕೆಂದು ಬಂದವರನ್ನು ಎದುರಿಗೆ ಕೂರಿಸಿಕೊಂಡು ಎರಡು ಪದ ಹಾಡಿಸಿ, ಶ್ರುತಿ ಪೈಪು ಊದಿ ಗಂಟಲು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡ ಮೇಲೆಯೇ ಹಲಸಿನ ಮರಕ್ಕೆ ಕೈ ಹಾಕುತ್ತಿದ್ದ. ಹಾಗೆ ಮಾಡಿದ ಒಂದು ತಂಬೂರಿಯೂ ಶ್ರುತಿಗೆ ಒಗ್ಗಲಿಲ್ಲವೆಂದು ವಾಪಸು ಬಂದಿರಲಿಲ್ಲ. ಚಿಕ್ಕಹನುಮಕ್ಕನದು ಬರುವವರೆಗೆ.

ಚಿಕ್ಕಹನುಮಕ್ಕ ದೊಡ್ಡೇರಿ ಕಡೆಯವಳು. ವಯಸ್ಸು ಅರವತ್ತೆರಡು. ಕಂಡವರ ಹೊಲದಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕಿದವಳು, ಈಗ ಕೂಲಿ ಹೆಂಗಸರ ಗುಂಪಿಗೆ ಮೇಸ್ತ್ರಿ. ಊರಿನ ತತ್ವಪದದ ಮೇಳದಲ್ಲಿ ನಲವತ್ತು ವರ್ಷದಿಂದ ಹಿಮ್ಮೇಳ ಹಾಡುತ್ತಿದ್ದಳು. ಮುಮ್ಮೇಳ ಹಿಡಿಯುತ್ತಿದ್ದ ಸಣ್ಣರಂಗಯ್ಯ ಹೋದ ವರ್ಷ ತೀರಿಕೊಂಡಾಗ, ಅವನಿಗೆ ಬರುತ್ತಿದ್ದ ಪದಗಳೆಲ್ಲ ಪೂರ್ತಿಯಾಗಿ ಬಾಯಿಗೆ ಬರುತ್ತಿದ್ದದ್ದು ಇವಳೊಬ್ಬಳಿಗೇ. ಆದರೂ ಹೆಂಗಸು ಮುಂದೆ ಕೂತು ಹಾಡಿಸುವುದೆಂದರೆ ಮೇಳದ ಗಂಡಸರಿಗೆ ಗಂಟಲಲ್ಲಿ ಇಳಿಯದ ಮಾತು. ಹಾರ್ಮೋನಿಯಂ ನುಡಿಸುವ ನಾಗಲಿಂಗಯ್ಯ ಕಡೆಗೆ ಒಂದು ತೀರ್ಮಾನ ಹೇಳಿದ. ಮಹಾಲಯ ಅಮಾವಾಸ್ಯೆಯ ದಿನ ಗುರುಗಳ ಗದ್ದುಗೆಯ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಹಾಡಿಸಲಿ, ಆಯಿತೆಂದರೆ ಅವಳೇ ಇರಲಿ, ಆಗದಿದ್ದರೆ ಬೇರೆ ಯೋಚನೆ ಮಾಡೋಣ. ಬೇರೆ ಯೋಚನೆ ಎಂದರೆ ನಾಗಲಿಂಗಯ್ಯನೇ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳ ಕಷ್ಟ ಏನೆಂದರೆ, ಸಣ್ಣರಂಗಯ್ಯನ ತಂಬೂರಿ ಹಿಡಿದು ಮುಂದೆ ಕೂತರೆ ಮೂರನೇ ಪದಕ್ಕೇ ಗಂಟಲು ಕಟ್ಟಿಕೊಳ್ಳುತ್ತಿತ್ತು. ಹಿಮ್ಮೇಳದಲ್ಲಿ ಹತ್ತು ದನಿಗಳ ನಡುವೆ ಹೇಗೋ ನಡೆದುಹೋಗುತ್ತಿದ್ದದ್ದು ಮುಮ್ಮೇಳದಲ್ಲಿ ಬಯಲಾಯಿತು. ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ ಎಂದು ಅವಳೇ ಹೇಳಿಕೊಂಡಳು. ತನ್ನ ಗಂಟಲಿಗೆ ಒಗ್ಗುವ ತಂಬೂರಿ ಒಂದು ಬೇಕು, ಅಮಾವಾಸ್ಯೆಗೆ ಮೂರು ತಿಂಗಳಿದೆ ಎಂದಳು. ಕದಿರಯ್ಯ ಒಪ್ಪಿಕೊಂಡು, ಪದ್ಧತಿಯಂತೆ ಎದುರಿಗೆ ಕೂರಿಸಿ ಹಾಡಿಸಿದ. ಗಂಟಲು ನಿಂತ ಜಾಗ ಗುರುತು ಹಾಕಿಕೊಂಡ. ಸಣ್ಣರಂಗಯ್ಯನ ಶ್ರುತಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಹಾಗಾದರೆ ಇದರಲ್ಲಿ ಕಷ್ಟವೇನು ಬಂತು, ಹಿಡಿಯಲು ಹಗುರವಾಗಿರುವ ಒಂದು ತಂಬೂರಿ ಮಾಡಿಕೊಟ್ಟರಾಯಿತು ಎಂದುಕೊಂಡ.

ಮೊದಲನೆಯದು ಹದಿನೈದು ದಿನದಲ್ಲಿ ವಾಪಸು ಬಂತು. ಅವಳು ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ ಬದಲಿಸಿ ಬಂದಿದ್ದಳು. ಅದೇ ತೊಂದರೆ, ಮೂರನೇ ಪದಕ್ಕೇ ಗಂಟಲು ಕಟ್ಟಿತು. ಕದಿರಯ್ಯ ಮರ ಇನ್ನೂ ಹಸಿ ಇದ್ದಿರಬೇಕೆಂದು ಮೇಲಿನ ಹಲಗೆ ಬದಲಾಯಿಸಿದ. ಮತ್ತೆ ಬಂತು. ಕುದುರೆ ಕೆತ್ತಿ ಹೊಸದು ಕೂರಿಸಿದ, ತಂತಿ ಬದಲಿಸಿದ, ಜೀವಾಳದ ಎಳೆಗಳನ್ನು ರೇಷ್ಮೆಯದು ಹಾಕಿ ನೋಡಿದ. ಮತ್ತೂ ಬಂತು. ಆಮೇಲೆ ಮೊಂಡು ಹಿಡಿದು, ಆರು ವರ್ಷದಿಂದ ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಒಳ್ಳೇ ಹಲಸಿನ ದಿಮ್ಮಿ ಇಳಿಸಿ ಪೂರ್ತಿ ಹೊಸದೇ ಒಂದನ್ನು ಮಾಡಿದ. ಅಂಥ ನಾದ ತನ್ನ ಕೈಯಿಂದ ಹಿಂದೆಂದೂ ಹೊರಟಿರಲಿಲ್ಲವೆಂದು ಅವನಿಗೇ ಅನ್ನಿಸಿತು. ಅದನ್ನು ಕೊಟ್ಟು ಕಳಿಸಿದ ದಿನ ಸಮಾಧಾನವಾಗಿ ಊಟ ಮಾಡಿದ.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಸಂತೆಗೆ ಬಂದವರ ಬಾಯಲ್ಲಿ ಸುದ್ದಿ ಓಡಾಡತೊಡಗಿತು, ಕದಿರಯ್ಯನ ಕೈ ಕೆಟ್ಟಿದೆಯಂತೆ, ವಯಸ್ಸಾಯಿತಲ್ಲ ಎಂದು. ಅವನು ಮನೆಯಲ್ಲಿ ತಟ್ಟೆ ಕುಕ್ಕತೊಡಗಿದ. ಹೆಂಡತಿ ಮಂಜಮ್ಮ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಒಂದು ಮಾತು ಕೇಳಿದಳು. ಅಂಗಡಿಗೆ ಬುತ್ತಿ ತಂದಾಗ ನೋಡಿದೆ, ಆ ಅಕ್ಕ ಹಾಡುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾಳಲ್ಲ, ಯಾಕೆ? ಹಾಡು ಎಂದರೆ ನಿನಗೇನು ಗೊತ್ತು ಎಂದು ಕದಿರಯ್ಯ ರೇಗಿದ. ರೇಗಿದ್ದು ತಪ್ಪೆಂದು ಆಗಲೇ ಅನ್ನಿಸಿದರೂ ಹೇಳಲಿಲ್ಲ.

ಅಮಾವಾಸ್ಯೆಗೆ ಹನ್ನೆರಡು ದಿನ ಇರುವಾಗ ಚಿಕ್ಕಹನುಮಕ್ಕ ಮತ್ತೆ ಬಂದಳು. ಸೀರೆ ಬಿಚ್ಚಿ, ಅಟ್ಟದ ದಿಮ್ಮಿಯಿಂದ ಮಾಡಿದ ಆ ತಂಬೂರಿಯನ್ನು ಅವನ ಮುಂದಿಟ್ಟಳು. ಇದಕ್ಕೂ ಮೂರನೇ ಪದಕ್ಕೇ ಕಟ್ಟಿತು ಎಂದಳು. ಕದಿರಯ್ಯನಿಗೆ ನೆತ್ತಿಗೇರಿತು. ತಂಬೂರಿಯಲ್ಲಿ ಏನೇನೂ ಐಬಿಲ್ಲ, ಇದನ್ನು ಯಾವ ಊರಿಗೆ ಬೇಕಾದರೂ ತೆಗೆದುಕೊಂಡು ಹೋಗಿ ತೋರಿಸು, ಐಬು ಇರುವುದು ನಿನ್ನ ಗಂಟಲಲ್ಲಿ, ಮಧುಗಿರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೋ ಎಂದುಬಿಟ್ಟ.

ಅವಳು ಎದ್ದು ನಿಂತಳು.

“ನನ್ ಗಂಟ್ಲು ಕೆಟ್ಟದೆ ಅಂತೀಯೇನ್ಲಾ? ಈ ಗಂಟ್ಲಾಗೆ ಎರಡು ಹೊಲದಾಚೆ ಇರೋ ಆಳ್ನ ಕೂಗಿ ಕರಿತೀನಿ ಕಣ್ಲಾ ನಾನು. ನಿನ್ ಕೈಲಿ ಆಗಕಿಲ್ಲ ಅಂದ್ರೆ ಆಗಕಿಲ್ಲ ಅಂತ ಹೇಳ್ಬುಡು.”

ಕೂಗಿದ ರಭಸಕ್ಕೆ ಹೊರಗೆ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. ಕದಿರಯ್ಯ ಅವರನ್ನು ನೋಡಲಿಲ್ಲ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಹಿಂದೂಪುರದ ಸಂಗೀತದ ಮೇಡಂ ವೇದಾವತಿಯವರು ರಿಪೇರಿಗೆ ಕೊಟ್ಟಿದ್ದ ಸಣ್ಣ ತಂಬೂರಿ ತೂಗುತ್ತಿತ್ತು. ಬೆಳಿಗ್ಗೆ ತಾನೇ ಶ್ರುತಿ ಸೇರಿಸಿಟ್ಟಿದ್ದ. ಯಾರೂ ಮುಟ್ಟದೆ ಅದರ ತಂತಿಗಳು ಝುಮ್ಮೆನ್ನುತ್ತಿದ್ದವು. ಚಿಕ್ಕಹನುಮಕ್ಕನ ಬೈಗುಳಕ್ಕೆ ಅದು ಓಗೊಟ್ಟಿತ್ತು. ತನ್ನ ಶ್ರುತಿಗೆ ಸರಿಯಾಗಿ ಕೂಡುವ ದನಿಗಷ್ಟೇ ತಂತಿ ಹಾಗೆ ಓಗೊಡುತ್ತದೆ.

ಕದಿರಯ್ಯ ಎದ್ದು ಹೋಗಿ ಅದಕ್ಕೆ ಕಿವಿ ಹಚ್ಚಿ ನಿಂತ. ಆಮೇಲೆ ತಿರುಗಿ, “ಅಕ್ಕಾ, ಇನ್ನೊಂದ್ಸಲ ಬಯ್ಯಿ” ಎಂದ.

ಅವನಿಗೆ ತಲೆ ಕೆಟ್ಟಿರಬೇಕೆಂದು ಅವಳು ಹೊಸಿಲು ದಾಟಿ ನಿಂತಳು. ಅವನು ಬೇಡಿಕೊಂಡ. ಬಯ್ಯಿ ಎಂದು ಬೇಡಿಕೊಂಡವನನ್ನು ಬೈಯುವುದು ಕಷ್ಟ, ಆದರೂ ಮೂರು ತಿಂಗಳು ಬಸ್ಸಿನಲ್ಲಿ ಅಲೆದ ಸಿಟ್ಟು ಇನ್ನೂ ಮಿಕ್ಕಿತ್ತು. ಅವಳು ಅವನ ಕೈಗೆ, ಮರಕ್ಕೆ, ಅಂಗಡಿಗೆ, ತಂದೂರಿ ಎಂಬ ಆ ಬೋರ್ಡಿಗೆ ಎಲ್ಲಕ್ಕೂ ಮಂಗಳಾರತಿ ಮಾಡಿದಳು. ಗೋಡೆಯ ತಂಬೂರಿ ಮತ್ತೆ ಮತ್ತೆ ಝೇಂಕರಿಸಿತು. ಕದಿರಯ್ಯ ಪೈಪು ಊದಿ ನೋಡಿದ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಐದು. ಇಷ್ಟು ದಿನ ಅವನು ಗುರುತು ಹಾಕಿಕೊಂಡಿದ್ದ ಜಾಗ ಅದಕ್ಕಿಂತ ಬಲು ಕೆಳಗೆ, ಕರಿ ಒಂದರಲ್ಲಿತ್ತು.

ಹೀಗಿದ್ದರೆ ಹಾಡುವಾಗ ಯಾಕೆ ಅಷ್ಟು ಕೆಳಗೆ ಹಾಡುತ್ತಿದ್ದೆ ಎಂದು ಕೇಳಿದ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

“ಪದ ಇರಾದು ಅಲ್ಲೇ ಅಲ್ವೇನಪ್ಪ” ಎಂದಳು.

ನಲವತ್ತು ವರ್ಷದ ಹಿಂದೆ ಅವಳು ಮೇಳದಲ್ಲಿ ಕೂತಾಗ ಪದಗಳು ಸಣ್ಣರಂಗಯ್ಯನ ಗಂಟಲಲ್ಲಿದ್ದವು. ಕಲಿತದ್ದು ಅಲ್ಲಿಂದ. ಬಾವಿಯ ನೀರು ಎಷ್ಟು ಆಳದಲ್ಲಿದ್ದರೂ ಅಲ್ಲಿಗೇ ಇಳಿದು ಸೇದಬೇಕು ಎನ್ನುವ ಹಾಗೆ, ಪದದ ಜಾಗವೇ ಅದು ಎಂದು ಅವಳು ನಂಬಿದ್ದಳು. ಅದು ಒಬ್ಬ ಗಂಡಸಿನ ಗಂಟಲಿನ ಜಾಗ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕದಿರಯ್ಯನಾದರೂ ಏನು ಮಾಡಿದ? ಉಸ್ತಾದ್ ಹೇಳಿದ ಹಾಗೆ ಗಂಟಲು ಕೇಳಿದೆ ಎಂದು ಬೀಗಿದ, ಕೇಳಿದ್ದು ಮಾತ್ರ ಅವಳ ಗಂಟಲಿನೊಳಗಿದ್ದ ಸಣ್ಣರಂಗಯ್ಯನನ್ನು. ಸಂಗೀತದ ಮೇಡಂಗಳ ತಂಬೂರಿ ಸಣ್ಣದು, ಶ್ರುತಿ ಮೇಲಿನದು ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಅದು ಕಲಿತವರ ವಿಚಾರ, ಕೂಲಿಯವರ ಗಂಟಲಿಗೆ ಅದೆಲ್ಲ ಎಲ್ಲಿಂದ ಬರಬೇಕು ಎಂದುಕೊಂಡಿದ್ದ. ಹೀಗೆ ಅಂದುಕೊಂಡವನು ತಾನೂ ಕೂಲಿಯವರ ಮಗನೇ ಎಂದು ನೆನಪಾಗಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆ ಗಳಿಗೆಯಲ್ಲೇ ಗರಗಸ ತೆಗೆದ. ತನ್ನ ಜೀವಮಾನದಲ್ಲೇ ಚೆನ್ನಾಗಿ ಬಂದಿದ್ದ ತಂಬೂರಿಯ ಉದ್ದನೆಯ ದಂಡಿಯನ್ನು, ಶ್ರುತಿ ಮೇಲೇರಲೆಂದು, ಒಂದು ಗೇಣು ಕೊಯ್ದ. ಬಿರಡೆಗಳಿಗೆ ಹೊಸ ತೂತು ಕೊರೆದು, ಸಣ್ಣ ತಂತಿ ಕಟ್ಟಿ, ಎಂಟು ದಿನ ಕೂತು ಒಪ್ಪ ಮಾಡಿದ. ಮೀಟಿದರೆ ಅಂಗಡಿಯ ತಗಡೆಲ್ಲ ಗುಂಯ್‌ಗುಟ್ಟಿತು. ಚಿಕ್ಕಹನುಮಕ್ಕ ಬಂದು ಅದನ್ನು ಹಿಡಿದು ಹಾಡಿದಾಗ ಮೊದಲ ಸಾಲಿಗೇ ಹೆದರಿ ನಿಲ್ಲಿಸಿದಳು. ಇಷ್ಟು ಮೇಲೆ ಹಾಡಿದರೆ ಜನ ಬಜಾರಿ ಅನ್ನುವುದಿಲ್ಲವಾ ಎಂದಳು. ಅನ್ನಲಿ ಎಂದ ಕದಿರಯ್ಯ. ಅವಳು ಗದ್ದ ಎತ್ತಿ ಮತ್ತೆ ಶುರು ಮಾಡಿದಳು. ಐದು ಪದವಾದರೂ ದನಿ ಒಡೆಯಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಕದಿರಯ್ಯ ಅಂಗಡಿ ಮುಚ್ಚಿ ಮಂಜಮ್ಮನನ್ನು ಕರೆದುಕೊಂಡು ಹೋದ. ಹುಣಸೆಮರಗಳ ಕೆಳಗಿನ ಗದ್ದುಗೆಯ ಮುಂದೆ ಜಮಖಾನ ಹಾಸಿತ್ತು. ಮುಂದೆ ಗಂಡಸರು, ಹಿಂದೆ ಹೆಂಗಸರು. ಚಿಕ್ಕಹನುಮಕ್ಕ ಮುಮ್ಮೇಳದ ಜಾಗದಲ್ಲಿ ಕೂತು ತಂತಿ ಮೀಟಿ ಪದ ಎತ್ತಿಕೊಂಡಳು. ಹಿಮ್ಮೇಳದ ಗಂಡಸರು ಅಭ್ಯಾಸದಂತೆ ಬಾಯಿ ತೆರೆದರು, ದನಿ ಕೂರಲು ಜಾಗ ಸಿಗಲಿಲ್ಲ. ಮೇಲೆ ಹೋದರೆ ಗಂಟಲು ಹರಿಯುತ್ತದೆ, ಕೆಳಗೆ ಇಳಿದರೆ ದನಿಯೇ ಹೊರಡುವುದಿಲ್ಲ. ಇಬ್ಬರು ಕೆಮ್ಮಿದರು. ನಾಗಲಿಂಗಯ್ಯನ ಬೆರಳುಗಳು ಹಾರ್ಮೋನಿಯಂ ಮೇಲೆ ಹುಡುಕಾಡಿ ನಿಂತುಹೋದವು. ಅವನು ಕೈ ಎತ್ತಿ ಹಾಡು ನಿಲ್ಲಿಸಿದ. ಇದು ಮೇಳಕ್ಕೆ ಆಗುವ ಶ್ರುತಿಯಲ್ಲ, ತಂಬೂರಿ ಮಾಡಿದವನು ಇಲ್ಲೇ ಇದ್ದಾನಲ್ಲ, ಬಂದು ಬಿರಡೆ ಇಳಿಸಲಿ ಎಂದ.

ಎಲ್ಲರ ಕಣ್ಣೂ ಕದಿರಯ್ಯನ ಮೇಲೆ ಬಿತ್ತು. ಅಲ್ಲಿದ್ದ ಗಂಡಸರಲ್ಲಿ ಮುಕ್ಕಾಲು ಪಾಲು ಅವನ ಗಿರಾಕಿಗಳೇ. ಅವನು ಎದ್ದು ನಿಂತ. ಅಷ್ಟರಲ್ಲಿ ಚಿಕ್ಕಹನುಮಕ್ಕ ತಂಬೂರಿಯ ಬಿರಡೆಗಳ ಮೇಲೆ ಅಂಗೈ ಮುಚ್ಚಿದಳು.

“ನಲವತ್ ವರ್ಸ ನಿಮ್ ತಾವ್ಕೆ ನಾನು ಇಳ್ದು ಬಂದಿವ್ನಿ ಕಣ್ರಪ್ಪ. ಒಂದಿನ ನೀವು ಹತ್ತಿ.”

ಜೋರಾಗಿ ಹೇಳಲಿಲ್ಲ. ಹೇಳಿ, ನಿಲ್ಲಿಸಿದ್ದ ಸಾಲನ್ನೇ ಮತ್ತೆ ಎತ್ತಿಕೊಂಡಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಪಲ್ಲವಿ ಮುಗಿದು ಹಿಮ್ಮೇಳ ಎತ್ತಬೇಕಾದ ಜಾಗ ಬಂತು, ಖಾಲಿ ಬಿತ್ತು. ಎರಡನೇ ಸಲವೂ ಖಾಲಿ ಬಿತ್ತು. ಮೂರನೇ ಸಲ ಹಿಮ್ಮೇಳ ಹಿಂದಿನಿಂದ ಬಂತು. ಮೊದಲು ಒಂದು ದನಿ, ಆಮೇಲೆ ನಾಲ್ಕು, ಆಮೇಲೆ ಎಲ್ಲ. ಎಷ್ಟೋ ವರ್ಷದಿಂದ ಗಂಡಸರ ಹಿಂದೆ ಕೂತು ತುಟಿ ಮಾತ್ರ ಆಡಿಸುತ್ತಿದ್ದ ಹೆಂಗಸರು ಗದ್ದ ಎತ್ತಿ ಹಾಡುತ್ತಿದ್ದರು. ಅವರಲ್ಲಿ ಮಂಜಮ್ಮನೂ ಇದ್ದಳು.

ಕದಿರಯ್ಯನಿಗೆ ಎಂದಿನ ಸಿಟ್ಟು ಬಂತು, ಆದರೆ ಬೈಯಲು ತನ್ನನ್ನು ಬಿಟ್ಟು ಯಾರೂ ಸಿಗಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಂಡತಿಗೆ ಹಾಡುವ ದನಿ ಇದೆಯೆಂದು, ಊರೂರ ಗಂಟಲು ಕೇಳಿ ತಂಬೂರಿ ಮಾಡಿದ ಅವನಿಗೆ ಅವತ್ತೇ ಗೊತ್ತಾಯಿತು.