ಡೀಸೆಲ್ ಉಣ್ಣುವವರು

ಬಸ್ ಡಿಪೋದ ಹಿಂದೆ ಡೀಸೆಲ್ ಕುಡಿದ ಮಣ್ಣಿನ ರಾಶಿಗೆ ನಾಲ್ಕು ತಿಂಗಳಿಂದ ಗೊಬ್ಬರ ಬೆರೆಸಿ, ನೀರು ಚಿಮುಕಿಸಿ ಮಗುಚುತ್ತಿದ್ದವಳು ಅವಳೊಬ್ಬಳೇ. ಅದರೊಳಗೆ ಎಣ್ಣೆ ತಿಂದು ಮಣ್ಣನ್ನು ಶುದ್ಧಮಾಡುವ ಸೂಕ್ಷ್ಮಜೀವಿಗಳಿದ್ದವು. ಇವತ್ತು ಅಧಿಕಾರಿಗಳು ಬಂದು ಮಾಡುವ ಪರೀಕ್ಷೆಯಲ್ಲಿ ಅವು ಬದುಕಿಲ್ಲವೆಂದಾದರೆ ರಾಶಿಯೂ ಹೋಗುತ್ತಿತ್ತು, ಅವಳ ಕೆಲಸವೂ.

ಮೇಸ್ತ್ರಿ ಫಿನಾಯಿಲ್ ಡಬ್ಬಿ ಹಿಡಿದು ಬಂದ. “ದೊಡ್ಡವರು ಬರ್ತಿದ್ದಾರಕ್ಕ, ವಾಸನೆ ಹೊಡೀತಿದೆ. ಸುರಿದುಬಿಡ್ತೀನಿ.”

ಅವಳು ಅಡ್ಡ ನಿಂತಳು. “ಒಳಗಿರೋ ಜೀವ ಅಷ್ಟೂ ಸಾಯುತ್ತೆ.”

“ಕಣ್ಣಿಗೆ ಕಾಣದ್ದಕ್ಕೆ ಇಷ್ಟು ರಂಪ ಯಾಕೆ?”

“ಮನೇಲಿ ನಾನು ಉಜ್ಜೋದೂ ತೊಳೆಯೋದೂ ಯಾರ ಕಣ್ಣಿಗೂ ಕಾಣಲ್ಲ. ಒಂದು ದಿನ ಬಿಟ್ರೆ ಕಾಣುತ್ತೆ.”

ಗೇಟಿನಲ್ಲಿ ಜೀಪು ಹಾರನ್ ಹೊಡೆಯಿತು. ಅವನು ಮುಚ್ಚಳ ತಿರುಗಿಸಿದ. ಅವಳು ಅವನ ಕೈ ಹಿಡಿದೆಳೆದು ಮೊಣಕೈವರೆಗೂ ಮಣ್ಣಿಗೆ ತುರುಕಿದಳು. ಒಳಗೆ ಬೆಚ್ಚಗಿತ್ತು.

“ಉಣ್ತಾ ಇದಾವಲ್ಲ, ಅದರ ಬಿಸಿ.”

ಅವನು ಮುಚ್ಚಳ ಬಿಗಿದು, ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.